ಕರೆಂಟೇ ಬಿಟ್ಟಿರಲಿಲ್ಲವಂತೆ

ಚಾಮರಾಜಪೇಟೆಯ ಬಸ್ ಸ್ಟಾಪಿನಲ್ಲಿ ಪಕ್ಕದ ಗಂಡಹೆಂಡಿರ ಮಾತು ಕಿವಿಗೆ ಬಿದ್ದ ಮೇಲೆ ಗುಮಾಸ್ತ ದೊರೆಸ್ವಾಮಿಗೆ ಪೇಪರಿನ ಒಂದು ಸಾಲೂ ಮುಂದೆ ಹೋಗಲಿಲ್ಲ. ಹೆಂಗಸಿನ ಹಣೆಯ ಮೇಲೆ ಸ್ಪಂಜು ಒತ್ತಿದ ಗುರುತು ಇನ್ನೂ ಕೆಂಪಗಿತ್ತು.

“ಶುದ್ಧ ಮೋಸ ರೀ! ಸಣ್ಣ ಕರೆಂಟು ಬಿಟ್ರೆ ಮಿದುಳು ಬೇಗ ಕಲಿಯುತ್ತಾ ನೋಡ್ತೀವಿ ಅಂತ ಆಸ್ಪತ್ರೇಲಿ ಹತ್ತು ದಿನ ತಲೆಗೆ ಒದ್ದೆ ಸ್ಪಂಜು ಕಟ್ಟಿ, ಎಡಗೈಲಿ ಕೀಬೋರ್ಡಿನ ಕೀಲಿ ಒತ್ತಿಸ್ತಾ ಕೂರಿಸಿದ್ರು. ಇವತ್ತು ಆ ಡಾಕ್ಟ್ರು ಹುಡುಗಿ ನಗ್ತಾ ಹೇಳ್ತಾಳೆ, ನಿಮಗೆ ಕರೆಂಟೇ ಬಿಟ್ಟಿರ್ಲಿಲ್ಲ ಆಂಟಿ ಅಂತ!”

“ಅರ್ಧ ಜನಕ್ಕೆ ಬಿಡಲ್ಲ ಅಂತ ನೀನು ಸೈನ್ ಹಾಕಿದ ಕಾಗದದಲ್ಲೇ ಇತ್ತಲ್ಲೇ.”

“ಇತ್ತು. ನನಗೇ ಬಿಡಲ್ಲ ಅಂತ ಇತ್ತಾ?”

“ಮತ್ತೆ ಎಡಗೈ ಬೆರಳು ಅಷ್ಟು ಚುರುಕಾಯ್ತಲ್ಲ?”

“ಆಗದೆ ಏನು? ದಿನಾ ಇನ್ನೂರು ಸಲ ಅದೇ ಕೀಲಿ ಒತ್ತಿದೀನಿ! ಮೂವತ್ತು ವರ್ಷ ಟೈಪಿಂಗ್ ಕಲಿಸಿದೋಳಿಗೆ ಕರೆಂಟ್ ಯಾಕ್ರೀ ಬೇಕು?”

“ಹಾಗಾದ್ರೆ ನಿನ್ನೆ ಮಧುರಾಗೆ ಯಾಕಂದೆ, ನಿನಗೆ ಮಗ್ಗಿ ಬರಬೇಕಾದ್ರೆ ತಲೆಗೆ ಕರೆಂಟೇ ಬಿಡಿಸ್ಬೇಕು ಅಂತ? ಮೊಮ್ಮಗು ಊಟಾನೇ ಮಾಡ್ಲಿಲ್ಲ.”

ಬಸ್ಸು ಬಂತು. ಹೆಂಗಸು ಸರಗನೆ ಮೆಟ್ಟಿಲು ಹತ್ತಿದರು.

“ಆ ಮಾತು ನಾನಾಡಿದ್ದಲ್ಲ ರೀ, ಆ ಹಾಳು ಕರೆಂಟು ಆಡಿಸಿದ್ದು!”

“ಬಿಟ್ಟೇ ಇರ್ಲಿಲ್ಲವಲ್ಲೇ,” ಎನ್ನುತ್ತಾ ಗಂಡನೂ ಹತ್ತಿದರು.