ಸಾಲು ಸಾಲಾಗಿ ಮುಂದಕ್ಕೆ

ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಟೈಲರಮ್ಮ ಗಿರಾಕಿಯ ಅಂಗಿಯ ತೋಳು ಸರಿಮಾಡುತ್ತಿದ್ದಳು. ಗಿರಾಕಿ, ಅವಳ ಪಕ್ಕದಲ್ಲಿ ಕುಳಿತ ನಾದಿನಿ, ಇಬ್ಬರೂ ಎದುರಿನ ಕನ್ನಡಿಯಲ್ಲಿ ಕಾಣುತ್ತಿದ್ದರು.

“ನಾಲ್ಕು ವಾರದಲ್ಲಿ ಎರಡು ನಾಟಕ, ಎರಡು ಸಂಗೀತ ಆಯ್ತು ಕಣೇ. ನಿಮ್ಮಣ್ಣನಿಗೆ ಇದೇನು ಹುಚ್ಚು?”

“ಜೊತೆಗೆ ನಿಮ್ಮನ್ನೂ ಕರ್ಕೊಂಡು ಹೋಗ್ತಾನಲ್ಲ ಅತ್ತಿಗೆ, ಅದಕ್ಕೂ ದೂರಾ?”

“ಮೊದಲ ವಾರ ಹನ್ನೆರಡನೇ ಸಾಲು. ಆಮೇಲೆ ಎಂಟು, ಆಮೇಲೆ ನಾಲ್ಕು. ಮೊನ್ನೆ ಎಲ್ಲರಿಗಿಂತ ಮುಂದೆ!”

“ಮುಂದಿನ ವಾರ ವೇದಿಕೆನೇ ಹತ್ತಿಬಿಡ್ತಾನೆ.”

“ನಗಬೇಡ. ಹಾಡೋಳ ತುಟಿಯಿಂದ ಕಣ್ಣು ಕೀಳಲ್ಲ. ನಾಟಕದಲ್ಲಿ ಎಲ್ಲರೂ ನಕ್ಕಾದ ಮೇಲೆ, ನನ್ನ ಮುಖ ನೋಡಿ ತಾವೂ ನಗ್ತಾರೆ. ಮನೇಲಿ ಏನು ಕೇಳಿದ್ರೂ ‘ಹ್ಞಾಂ’ ಅಷ್ಟೇ. ಮನಸ್ಸು ಇನ್ನೆಲ್ಲೋ ಇದೆ. ಈ ಶನಿವಾರ ಅಲ್ಲೇ, ಎಲ್ಲರೆದುರಿಗೆ ಇವರ ಬಣ್ಣ ಬಯಲು ಮಾಡ್ತೀನಿ.”

ಟೈಲರಮ್ಮನ ಕೈ ನಿಂತಿತು. ಎರಡು ವರ್ಷದಿಂದ ಅವಳೂ ಗಿರಾಕಿಗಳ ಮಾತನ್ನು ಕನ್ನಡಿಯೊಳಗಿನ ತುಟಿಗಳಿಂದಲೇ ಹಿಡಿಯುತ್ತಿದ್ದಳು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಿನ್ನುಗಳನ್ನು ಅಂಗೈಗೆ ಉಗಿದಳು.

“ಅಮ್ಮಾ, ಅದಕ್ಕೆ ಮೊದಲು ಒಂದ್ಸಲ ಅವರ ಬೆನ್ನ ಹಿಂದೆ ನಿಂತು ಮೆಲ್ಲಗೆ ಕರೆದು ನೋಡಿ.”

ಗಿರಾಕಿ ಗಕ್ಕನೆ ತಿರುಗಿದಳು. “ಅಂದ್ರೆ, ಕಿವಿ ಕೇಳ್ಸಲ್ವಾ? ನಿಮಗೆ ಹೇಗೆ ಗೊತ್ತು?”

“ನಮ್ಮ ಮಾವನವರು ಹಾಗೇ ಇದ್ರು.”

ಗಿರಾಕಿ ಅವಳನ್ನು ಅನುಮಾನದಿಂದ ದಿಟ್ಟಿಸಿದಳು. ಆಮೇಲೆ ನಾದಿನಿಯ ಕೈ ಹಿಡಿದು ಅಂಗಡಿಯ ಮೆಟ್ಟಿಲಿಳಿದಳು.

ನಾಳೆ ಅಂಗಡಿ ತೆರೆಯುವ ಮೊದಲೇ ಕಿವಿ ಡಾಕ್ಟರ ಬಳಿ ಹೋಗುವುದೆಂದು ಟೈಲರಮ್ಮ ನಿರ್ಧರಿಸಿದಳು. ಮನೆಯಲ್ಲಿ ಕೇಳಿದರೆ, ನೂಲು ತರಲು ಹೋಗಿದ್ದೆ ಎಂದರಾಯಿತು.