ರಕ್ಷಣಾ ಮಂತ್ರಿಯ ಅಪ್ಪ

ಸೀಟ್ ಬೆಲ್ಟ್ ಹಾಕಿಕೊಳ್ಳಿ ಚಂದ್ರಮತಿಯಕ್ಕ, ಮುಂದೆ ಕ್ಯಾಮೆರಾ ಉಂಟು... ಅಲ್ಲ, ನನ್ನ ಮಗ ಹರ್ಷಿತ್ ಮಾತಾಡಿದ್ದು ಚಂದ ಆಯ್ತಲ್ಲ? ಶಾಲೆಯ ಅಣಕು ಪಾರ್ಲಿಮೆಂಟಿಗೆ ಅವನೇ ರಕ್ಷಣಾ ಮಂತ್ರಿ. ಯುದ್ಧ ಬಾಗಿಲಿಗೆ ಬಂದಿದೆ, ಸೇನೆ ಸುಧಾರಿಸಬೇಕು, ಹದಿನೆಂಟು ತುಂಬಿದವರೆಲ್ಲ ಬಂದೂಕು ಹಿಡಿಯಲೇಬೇಕು... ಆ ಮಸೂದೆ ಮಂಡಿಸುವಾಗ ಎಂತ ಗತ್ತು! ಭಾಷಣ ಬರೆದುಕೊಟ್ಟದ್ದು ನಾನೇ, ಈ ಪುರಂದರ. ಈ ಗಲ್ಫಿನ ಅರಬಿ ಹುಡುಗರಿಗೂ ಈಗ ಸೇನೆ ಕಡ್ಡಾಯ ಆಗಿದೆ, ನಮಗೆಂತ ಧಾಡಿ ಅಂತ ಬರೆದೆ.

ಎಂತ, ಎಸಿ ಜಾಸ್ತಿ ಆಯ್ತಾ? ಕಡಿಮೆ ಮಾಡ್ತೇನೆ.

ನಿಮ್ಮ ಸುಜಿತ್‌ನ ಫೋಟೋ ಸ್ಕ್ರೀನಿಗೆ ಹಾಕಿದ್ದು ಬೇಜಾರಾಯ್ತಾ ಅಕ್ಕ? ನಮ್ಮ ಬಿಲ್ಡಿಂಗಿನ ಹುಡುಗ, ಇಲ್ಲೇ ಕುಸೈಸಿನ ನಮ್ಮ ಪಾರ್ಕಿಂಗಿನಲ್ಲಿ ಕ್ರಿಕೆಟ್ ಆಡಿಕೊಂಡಿದ್ದವ, ಈಗ ಕಾಶ್ಮೀರದಲ್ಲಿ ಗಡಿ ಕಾಯ್ತಿದ್ದಾನೆ. ಅವನ ಅಮ್ಮ ಎದುರು ಸಾಲಿನಲ್ಲಿ ಕೂತರೆ ಮಸೂದೆಗೆ ತೂಕ ಬರ್ತದೆ ಅಂತ ಪ್ರಿನ್ಸಿಪಾಲರಿಗೆ ಹೇಳಿದ್ದೂ ನಾನೇ. ಚಪ್ಪಾಳೆ ಕೇಳಿದಿರಲ್ಲ...

ಮಾತಾಡಿ ಅಕ್ಕ.

ಆ ವಿರೋಧ ಪಕ್ಷದ ಹುಡುಗಿ, ಅಶ್ಮಿತಾ... ಬಾಯಿ ಜೋರು ಮಾರಾಯ್ರೆ. ಮಂತ್ರಿಗಳೇ, ಹದಿನೆಂಟಾದ ಮೇಲೆ ನೀವು ಹೋಗ್ತೀರಾ ಅಂತ ಕೇಳಿಬಿಟ್ಟಳು. ಅದೆಂತ ಪ್ರಶ್ನೆ? ಇವನಿಗೆ ಗಾಬರಿ ಆಯ್ತು. ಸಭೆಯ ಕಡೆ ನೋಡಿದ, ಆಮೇಲೆ ಮೆಲ್ಲ "ನೋ" ಅಂದ. ಇಡೀ ಹಾಲ್ ನಕ್ಕಿತು. ಮಕ್ಕಳಲ್ವಾ...

ಯಾಕೆ ನನ್ನನ್ನು ಹಾಗೆ ನೋಡ್ತೀರಿ? ಹೆದರಿದ, ಅಷ್ಟೆ. ನಾನು ಕಲಿಸಿದ್ದಾ ಅದನ್ನು?

ಅಲ್ಲ... ಬರೆದುಕೊಟ್ಟದ್ದು ಬಿಟ್ಟು ಬೇರೆ ಏನಾದರೂ ಕೇಳಿದರೆ ನನ್ನ ಮುಖ ನೋಡು, ಹೌದಾ ಅಲ್ವಾ ಅಂತ ತಲೆ ಆಡಿಸಿ ಹೇಳ್ತೇನೆ ಅಂದದ್ದು ಹೌದು. ಇಲ್ಲಿ ಎಲ್ಲ ಅಪ್ಪಂದಿರೂ ಮಾಡ್ತಾರೆ. ಅವ ನೋಡಿದ. ನಾನು... ಕುತ್ತಿಗೆ ಹಿಡ್ಕೊಂಡಿತ್ತು ಅಕ್ಕ, ಸ್ವಲ್ಪ ಹೀಗೆ ತಿರುಗಿಸಿದೆ...

ಇಲ್ಲ. ಹಿಡ್ಕೊಂಡಿರಲಿಲ್ಲ. ನೀವು ಪಕ್ಕದಲ್ಲೇ ಕೂತಿದ್ದಿರಿ. ನೋಡಿದ್ದೀರಿ.

ಇರುವುದು ಒಬ್ಬನೇ ಮಗ ಅಲ್ವಾ ಅಕ್ಕ...

ಹೌದು. ನಿಮಗೂ ಒಬ್ಬನೇ.

ನಾಚಿಕೆ ಆಗ್ತದೆ. ನಾನು ಇಲ್ಲ ಅಂತ ತಲೆ ಅಲ್ಲಾಡಿಸುವಾಗ ಸುಜಿತ್ ಇನ್ನೂ ಸ್ಕ್ರೀನಿನಲ್ಲೇ ಇದ್ದ, ಆ ಯೂನಿಫಾರ್ಮಿನಲ್ಲಿ...

ಬೇಡ, ಇಲ್ಲಿ ಇಳಿಯುವುದು ಬೇಡ. ಮನೆ ಇನ್ನೂ ದೂರ ಉಂಟು, ಈ ಬಿಸಿಲಲ್ಲಿ ಹೇಗೆ ನಡೀತೀರಿ... ಆಯ್ತು, ಆಯ್ತು, ನಿಲ್ಲಿಸ್ತೇನೆ. ಒಂದು ಮಾತು ಬೈದಾದರೂ ಇಳೀರಿ ಅಕ್ಕ.