ಮನೆಗೆ ಬರುವ ಟ್ಯಾಬ್ಲೆಟ್

ಬೇಗಂಪೇಟೆ ಸ್ಟೇಷನ್ನಿನಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದ ಕೃಪಾಳ ಕಿವಿಗೆ ಪಕ್ಕದ ಗಂಡಹೆಂಡತಿಯ ಕನ್ನಡ ಬಿತ್ತು.

“ಆಫೀಸಿನವರು ನನ್ನ ಲ್ಯಾಪ್‌ಟಾಪ್ ವಾಪಸ್ ತಗೊಂಡು ಈ ಟ್ಯಾಬ್ಲೆಟ್ ಕೊಡ್ತಾರಂತ. ಸಾಕಾಗ್ತದೋ ಇಲ್ಲೋ, ಇವತ್ತ ಹೇಳಬೇಕು,” ಗಂಡ ಕೈಯಲ್ಲಿದ್ದ ಟ್ಯಾಬ್ಲೆಟ್ ತೋರಿಸಿದ.

“ಇದರಾಗ ಏನೇನ್ ಆಗ್ತದರಿ?”

“ಮೇಲ್ ಓದಬಹುದು, ಗಿರಾಕಿಗೆ ಮಾಲು ತೋರಿಸಬಹುದು. ಉದ್ದನ್ನ ರಿಪೋರ್ಟ್ ಬರಿಯಾಕ ಭಾಳ ತ್ರಾಸ.”

“ಹಂಗಾರ ರಿಪೋರ್ಟ್ ಆಫೀಸಿನಾಗ ಬರೀಬೇಕು.”

“ಹೌದು. ಮನ್ಯಾಗ ಆಗೂದಿಲ್ಲ. ಅದೇ ಕೊರತಿ.”

“ಮೊನ್ನೆ ದೀಪಾಲಿ ಜ್ವರದಾಗ, ಅಪ್ಪಾ ಬಾಜೂ ಕೂಡು ಅಂದಳು. ರಿಪೋರ್ಟ್ ಮುಗೀಲಿ ಅಂದ್ರಿ. ಅಷ್ಟರಾಗ ಕೂಸು ಮಲಗಿಬಿಟ್ಟಿತ್ತು.”

ಕೃಪಾಳ ಬೆರಳುಗಳು ಕೀಲಿಗಳ ಮೇಲೆ ನಿಂತವು.

ರೈಲು ಬಂತು. ಅವನು ಆಫೀಸಿಗೆ ಫೋನ್ ಹಚ್ಚಿ, ತನಗೆ ಟ್ಯಾಬ್ಲೆಟ್ಟೇ ಸಾಕೆಂದು ತೆಲುಗಿನಲ್ಲಿ ಹೇಳುತ್ತಾ ಹೆಂಡತಿಯ ಹಿಂದೆ ಬೋಗಿ ಹತ್ತಿದ.